ಉಳಿಸಿಕೊಂಡ ಒಂದು ದಿನ

ಗದಗಿನ ನೆನಪು ನೋಂದಣಿ ಕಚೇರಿಯಲ್ಲಿ ಅಂದು ಗದ್ದಲವಿರಲಿಲ್ಲ. ತೀರಿಕೊಂಡ ಫಕೀರಪ್ಪನ ಸಂಸಾರದ ನೆನಪೆಲ್ಲ ಮೊದಲ ಹೆಂಡತಿ ನೀಲವ್ವನ ಸೊತ್ತು ಎಂದು ತೀರ್ಪಾಗಿತ್ತು. ಎರಡನೆಯವಳಾದ ವಿಮಲಾ ತನ್ನ ತಲೆಯಲ್ಲಿದ್ದದ್ದನ್ನು ಒಪ್ಪಿಸಲು ಮಗಳು ಶ್ರಾವಣಿಯನ್ನು ಕರೆದುಕೊಂಡೇ ಬಂದಿದ್ದಳು.

"ಮೊದಲನೇ ಮದುವಿ ವಿಷಯ ನಿಮಗ ಗೊತ್ತಿರಲಿಲ್ಲಂತ ಕೋರ್ಟು ಒಪ್ಪೇತ್ರಿ" ಎಂದ ಗುಮಾಸ್ತ. "ಅದಕ್ಕ ಒಂದು ದಿನದ ನೆನಪು ನೀವು ಇಟ್ಕೋಬಹುದು. ಯಾವ ದಿನ ಬರ್ಕೊಳ್ಳಲಿ?"

ಇಟ್ಟುಕೊಂಡವಳು ಎಂದು ಮೂರು ವರ್ಷ ಊರೆಲ್ಲ ಆಡಿಕೊಂಡಿತ್ತು. ವಿಮಲಾ ಯೋಚಿಸಲೇ ಇಲ್ಲ.

"ನನ್ನ ಮದುವಿ ದಿನಾರೀ. ಎಲ್ಲಾರ ಮುಂದ ತಾಳಿ ಕಟ್ಟ್ಯಾನ ಅಂವ."

ಗುಮಾಸ್ತ ಬೆಂಚಿನ ಮೇಲಿದ್ದ ಮಗುವನ್ನೊಮ್ಮೆ ನೋಡಿದ. ಸಲಹೆ ಕೊಡಲು ಅವನಿಗೆ ಅಧಿಕಾರವಿರಲಿಲ್ಲ. ಬರೆದುಕೊಂಡ.

ವಿಮಲಾ, ಎದುರು ಕುರ್ಚಿಯಲ್ಲಿ ಕುಳಿತಿದ್ದ ನೀಲವ್ವ, ಇಬ್ಬರ ಹಣೆಗೂ ಪಟ್ಟಿ ಕಟ್ಟಿದರು. ಒಬ್ಬಳ ನೆನಪು ಇನ್ನೊಬ್ಬಳ ತಲೆಗೆ ಸೇರುವುದು ಹತ್ತು ನಿಮಿಷದ ಕೆಲಸ.

ಪಟ್ಟಿ ಬಿಚ್ಚಿದ ಮೇಲೆ ವಿಮಲಾ ಚೀಲವನ್ನು ಹೆಗಲಿಗೇರಿಸಿಕೊಂಡು, ಬೆಂಚನ್ನು ದಾಟಿ, ಬಾಗಿಲಿನತ್ತ ನಡೆದಳು.

"ಅವ್ವಾ!" ಎಂದು ಮಗು ಕೂಗಿತು.

ವಿಮಲಾ ಮೆಟ್ಟಿಲು ಇಳಿಯುತ್ತಲೇ ಇದ್ದಳು. ಹಡೆದೇ ಇರದ ನೀಲವ್ವ ಥಟ್ಟನೆ ತಿರುಗಿ ಎರಡೂ ಕೈ ಚಾಚಿದಳು.

"ಅಳಬ್ಯಾಡ ಶ್ರಾವಣಿ, ಇಲ್ಲೇ ಅದೀನಿ."