ಚೌರಮ್ಮನ ಹಟ

“ಮೊಮ್ಮಗಳು ಕನ್ನಡದಲ್ಲಿ ಮಾತು ಕೊಡದಿದ್ರೆ ನಾನು ಒಳಗೇ ಬರಲ್ಲ!”

ವಿಜಯವಾಡದ ಭವಾನಿಪುರಂ ಚರ್ಚಿನ ಮೆಟ್ಟಿಲ ಮೇಲೆ ಚೌರಮ್ಮ ಕೂತೇಬಿಟ್ಟರು. ಮದುವೆಗೆಂದು ಹಾಸನದಿಂದ ಬಂದ ಅಜ್ಜಿ. ಬಂದ ದಿನದಿಂದ ಇದೊಂದೇ ಜಪ. ಬ್ಯಾಂಡಿನವರು ಊದುವುದನ್ನು ನಿಲ್ಲಿಸಿ ಬಾಯಿ ಬಿಟ್ಟು ನೋಡಿದರು. ಮದುಮಗಳು ಶುಭಾಳಿಗೆ ಅಳುವೇ ಬಂತು. ಅಪ್ಪನನ್ನು ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದ ಮೇಲೆ ಹುಟ್ಟಿದವಳು ಅವಳು. ಕನಸು ಬೀಳುವುದೂ ತೆಲುಗಿನಲ್ಲೇ.

“ನನ್ನ ಕನ್ನಡ ಕೇಳಿದ್ರೆ ನೀನೇ ನಗ್ತೀಯ ಅಜ್ಜೀ...”

“ರೋಮಿನ ಪೋಪ್, ಆರನೇ ಪೌಲ್ ಜಗದ್ಗುರುಗಳು ಸುಮ್ನೆ ಹೇಳಿದ್ರಾ, ಪೂಜೆ, ಮದುವೆ ಎಲ್ಲಾ ಅವರವರ ಭಾಷೇಲೇ ಆಗ್ಲಿ ಅಂತ? ನನ್ನ ಮದುವೇಲಿ ಬರೀ ಲ್ಯಾಟಿನ್! ಸ್ವಾಮಿಗಳು ಏನೋ ಕೇಳಿದ್ರು, ನಾನು ಕೋಲೆ ಬಸವನ ಹಾಗೆ ತಲೆ ಆಡಿಸ್ದೆ. ಆ ಗತಿ ನಿಂಗೆ ಬೇಡ!”

ಬೆಂಗಳೂರಿನಲ್ಲಿ ಓದಿ ಬಂದಿದ್ದ ಫಾದರ್ ಇನ್ನಯ್ಯ ನಗುತ್ತಾ ಹೊರಗೆ ಬಂದರು. “ಅವರವರ ಭಾಷೆ ಅಂದ್ರಲ್ಲ ಅಮ್ಮಾ, ಶುಭಾ ಭಾಷೆ ತೆಲುಗೇ ಕದಾ?”

ಅಯ್ಯೋ, ಹೌದಲ್ಲ! ತಾನು ಹೆಣೆದ ಬಲೆಗೆ ತಾನೇ ಬಿದ್ದ ಚೌರಮ್ಮನ ಮುಖ ಸಪ್ಪಗಾಯಿತು. ಮೊಮ್ಮಗಳು ಇನ್ನು ನಮ್ಮವಳಲ್ಲ ಎಂದು ಸಂಕಟವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋಗಿ, ಮುಂದಿನ ಬೆಂಚಿನಲ್ಲಿ ಕೂತರು.

ಶುಭಾ ತೆಲುಗಿನಲ್ಲೇ ಮಾತು ಕೊಟ್ಟಳು. ಈಗ ಮದುಮಗ ಬಾಲಶೌರಿಯ ಸರದಿ. ಅಚ್ಚ ತೆಲುಗಿನ ಹುಡುಗ. ಅವನು ಅಜ್ಜಿಯ ಕಡೆಗೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ.

“ಶುಭಾ, ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ...”

ಕನ್ನಡ! ಚರ್ಚಿನ ತುಂಬ ಗುಜುಗುಜು. ಶುಭಾ ಕಣ್ಣರಳಿಸಿ ಅಪ್ಪನತ್ತ ನೋಡಿದಳು; ಗುಟ್ಟಾಗಿ ಕಲಿಸಿದ ಅಪ್ಪ ಮೀಸೆಯಲ್ಲೇ ನಗುತ್ತಿದ್ದರು. ಚೌರಮ್ಮನಿಗೆ ಮೈಯೆಲ್ಲ ಜುಮ್ಮೆಂದಿತು.

ಫಾದರ್ ಮಾತ್ರ ಕೈಯೆತ್ತಿ ತಡೆದರು. “ಆಗು, ನಿಲ್ಲು ಬಾಬೂ. ಅರ್ಥ ತೆಲುಸಾ? ಅರ್ಥ ಗೊತ್ತಿಲ್ದೆ ಕೊಟ್ಟ ಮಾತು ನಡೆಯಲ್ಲ.”

ಬಾಲಶೌರಿ ಬೆವರಿದ. “ಅರ್ಧ ತೆಲುಸು ಫಾದರ್...”

ಚೌರಮ್ಮ ದಡಕ್ಕನೆ ಎದ್ದು ನಿಂತರು.

“ನಡೀಲಿ ಸ್ವಾಮೀ, ನಡೀಲಿ! ಒಂದಕ್ಷರ ಅರ್ಥ ಆಗದೇನೇ ತಲೆ ಆಡಿಸಿ, ನಮ್ಮನೆಯವರು ಸಾಯೋ ತನಕ ಅವರ ಜೊತೆ ನಾನು ಬಾಳಿಲ್ವಾ?”