ಚುಕ್ಕೆಯ ನಂತರದ ಜಾಗ

ಮುಪ್ಪು ತಡೆಯುವ ಚುಚ್ಚುಮದ್ದು ಬಂದ ಮೇಲೆ ಯಾರ ಮುಖ ನೋಡಿಯೂ ವಯಸ್ಸು ಹೇಳುವಂತಿರಲಿಲ್ಲ. ಎಲ್ಲರೂ ಇಪ್ಪತ್ತೈದರವರಂತೆ ಕಾಣುತ್ತಿದ್ದರು. ಹಾಗಾಗಿ ವಯಸ್ಸು ಪತ್ತೆಮಾಡಲು ಕೆಲಸ ಕೇಳಿಕೊಂಡು ಬಂದವರನ್ನೆಲ್ಲ ಕಚೇರಿಗಳಲ್ಲಿ ಒಂದು ಪುಟ ಇಂಗ್ಲಿಷ್ ಟೈಪ್ ಮಾಡಲು ಕೂರಿಸುತ್ತಿದ್ದರು. ಹಳೆಯ ಟೈಪ್‌ರೈಟರಿನಲ್ಲಿ ಕಲಿತವರು ವಾಕ್ಯ ಮುಗಿದು ಚುಕ್ಕೆ ಇಟ್ಟ ಮೇಲೆ ಎರಡು ಜಾಗ ಬಿಡುತ್ತಾರೆ, ಈಚಿನವರು ಒಂದೇ. ಎರಡು ಬಿಟ್ಟವರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮನೆಗೆ ಚುಚ್ಚುಮದ್ದೂ ಇಲ್ಲ.

ವನಜಾಕ್ಷಿಗೆ ಎಂಬತ್ತೊಂದು. ಹೋದ ವರ್ಷ ಅವಳ ಕೆಲಸ ಹೋಗಿ ಮನೆಗೆ ಮದ್ದು ನಿಂತ ಮೇಲೆ ಗಂಡ ಪದ್ಮರಾಜಯ್ಯನವರ ಕೂದಲು ನೆರೆತಿತ್ತು, ಬೆನ್ನು ಬಾಗತೊಡಗಿತ್ತು. ಮನೆಯಲ್ಲಿ ಉಳಿದಿದ್ದ ಕೊನೆಯ ಮದ್ದನ್ನು ಅವಳಿಗೇ ಚುಚ್ಚಿಸಿದ್ದರಿಂದ ಅವಳ ಮುಖ ಮಾತ್ರ ಇನ್ನೂ ಹಾಗೇ ಇತ್ತು. "ಹೆಬ್ಬೆರಳು ಹಿಡಿತದಲ್ಲಿರಲಿ ಕಣೇ," ಎಂದು ಅವರು ಹೇಳಿ ಕಳಿಸಿದ್ದರು.

ಕಚೇರಿಯಲ್ಲಿ ಟೈಪಿಗೆ ಕೂತಾಗ ಮೊದಲ ಸಾಲುಗಳು ಚೆನ್ನಾಗಿಯೇ ಸಾಗಿದವು. ಚುಕ್ಕೆ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಜಾಗದ ಕೀಲಿಯನ್ನು ಒಂದೇ ಸಲ ಒತ್ತಿದಳು. ಆಮೇಲೆ ಕೈಗೆ ಹಳೆಯ ವೇಗ ಬಂತು. ಬೆರಳುಗಳು ತಾವಾಗಿ ಓಡುವುದನ್ನು ಕಂಡು ಅವಳಿಗೆ ಖುಷಿಯಾಗಿಬಿಟ್ಟಿತು. ಆ ಖುಷಿಯಲ್ಲೇ ಹೆಬ್ಬೆರಳು ಟಕ್ ಟಕ್ ಎಂದು ಎರಡು ಸಲ ಬಿತ್ತು. ಅಳಿಸುವ ಕೀಲಿಯನ್ನು ಮೊದಲೇ ಕಿತ್ತಿಟ್ಟಿದ್ದರು.

ಮೇಲ್ವಿಚಾರಕ ಬಂದು ಪರದೆ ನೋಡಿದ.

"ಇನ್ನೊಂದು ಪುಟ ಹೊಡೀತೀನಿ ಸಾರ್," ಎಂದಳು ವನಜಾಕ್ಷಿ. "ನಮ್ಮ ಯಜಮಾನರಿಗೆ ಮದ್ದು ಬೇಕು."

"ನನ್ನ ಕೈಲೇನಿದೆ ಹೇಳಿ? ಮಿಷಿನ್ನು ಆಗ್ಲೇ ಬರ್ಕೊಂಡಾಯ್ತು," ಎಂದ. ಅವನ ದನಿ ಮೆತ್ತಗಾಗಿತ್ತು. "ಮೆಟ್ಟಿಲು ಕಡಿದಾಗಿದೆ ಅಜ್ಜಿ, ಕೈ ಕೊಡಿ."

ಇಪ್ಪತ್ತೈದರ ಕಾಲುಗಳಿದ್ದ ವನಜಾಕ್ಷಿ ಅವನ ಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.