ಡಿಸ್ಕಿನೊಳಗಿದ್ದ ಅಜ್ಜಿಯ ಹಾಡುಗಳು

ಮಾವಿನ ಹಣ್ಣಿನ ಪೆಟ್ಟಿಗೆ ಬಿಚ್ಚಿದಾಗ ಏಳುವ ಒಣಹುಲ್ಲಿನ ವಾಸನೆ ಈಗಲೂ ನನ್ನನ್ನು ಶ್ರೀನಿವಾಸಪುರದ ಒಂದು ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಆಟಗಳಿಗೆ ಜಾಗ ಬೇಕೆಂದು ಅಂದು ನಾನು ಯಾರಿಗೂ ಹೇಳದೆ ಮನೆಯ ಕಂಪ್ಯೂಟರಿನ ಡಿಸ್ಕನ್ನು ಎರಡು ಭಾಗ ಮಾಡಲು ಹೊರಟಿದ್ದೆ. ತೆರೆಯ ಮೇಲಿನ ನೀಲಿ ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೌಸ್ ಕೂಡ ಅಲುಗಲಿಲ್ಲ. ಅಜ್ಜಿ ಹಾಡಿದಂತೆ ಅಮ್ಮ ಒಂದೇ ಬೆರಳಲ್ಲಿ ಟೈಪ್ ಮಾಡಿದ್ದ ನಲವತ್ತು ಹಾಡುಗಳು ಆ ಡಿಸ್ಕಿನೊಳಗಿದ್ದವು. ಹೆದರಿ ಸ್ವಿಚ್ಚಿಗೆ ಕೈ ಚಾಚಿದೆ.

"ಮುಟ್ಟಬೇಡ ಕಣೇ!" ಮೂಲೆಯಲ್ಲಿ ಮಾವಿನಕಾಯಿಗಳನ್ನು ಹುಲ್ಲಿನಲ್ಲಿ ಮುಚ್ಚುತ್ತಿದ್ದ ಅಜ್ಜಿ ಕೂಗಿದಳು. "ಕೆಂಪು ದೀಪ ಮಿಣುಕ್ತಾ ಇದೆ, ಒಳಗೇನೋ ಕೆಲಸ ನಡೀತಿದೆ. ಹಣ್ಣಿಗೆ ಹಾಕಿದ ಮೇಲೆ ಗಳಿಗೆಗೊಂದ್ಸಲ ಹುಲ್ಲು ಕೆದಕ್ತಾರೇನೇ?"

ಇಬ್ಬರೂ ದೀಪ ನೋಡುತ್ತಾ ಕುಳಿತೆವು. ನಾಲ್ಕು ಗಂಟೆಗೆ ಅದೂ ಆರಿತು. ಅಮ್ಮ ಬಂದು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಾಗ ಹಾಡುಗಳಿರಲಿಲ್ಲ. ಅಮ್ಮ ಒಂದೊಂದೇ ಫೋಲ್ಡರ್ ತೆರೆದು ಹುಡುಕಿದಳು. ಅದನ್ನು ನೋಡಿ ನನಗೆ ಅಳು ಬಂತು.

"ಏಡವಕೇ ಪಾಪ," ತೆಲುಗಿನಲ್ಲೇ ಸಮಾಧಾನ ಮಾಡುತ್ತಾ ಅಜ್ಜಿ ಸೆರಗಿನಿಂದ ನನ್ನ ಕಣ್ಣೊರೆಸಿದಳು. "ಅಳಬೇಡ. ಹಾಡೋಳು ಇಲ್ಲೇ ಇದೀನಲ್ಲ. ಈ ಸಲ ನೀನು ಬರ್ಕೋ."

ನಾನು ನೋಟ್‌ಬುಕ್ ತೆಗೆದೆ. ನನ್ನ ಪೆನ್ಸಿಲ್ ಹಿಂದೆ ಬಿದ್ದಾಗಲೆಲ್ಲ ಅಜ್ಜಿ ಸಾಲಿನ ಕೊನೆಯ ಸ್ವರವನ್ನು ಎಳೆದು ಹಿಡಿದು, ನಾನು ತಲೆ ಎತ್ತುವವರೆಗೂ ಕಾಯುತ್ತಿದ್ದಳು.